ಹಳೆ ಜಾವಾ, ಯೆಜ್ಡಿ, ರೋಡ್‌ಕಿಂಗ್: ಯಾವ ಮಾಡೆಲ್ ಕೊಳ್ಳಬೇಕು? ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

"ಮೈಸೂರು ಮೇಡ್ ಒರಿಜಿನಲ್ ರೋಡ್‌ಕಿಂಗ್. ವಿಂಟೇಜ್ ಗಾಡಿ, ಹಾಗಾಗಿ ಆರ್‌ಸಿ, ಇನ್ಶೂರೆನ್ಸ್ ಬೇಕಿಲ್ಲ. ಡಬಲ್ ಸೈಲೆನ್ಸರ್, ಡಬಲ್ ಪವರ್. ಸೈನಿಕರ ಗಾಡಿ, ಅರ್ಜೆಂಟ್ ಸೇಲ್. ಅಡ್ವಾನ್ಸ್ ಮೊದಲು ಹಾಕಿದವರಿಗೆ."

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲಿನ ಓದುಗರೊಬ್ಬರು ಇಂಥದ್ದೊಂದು ವಾಟ್ಸ್‌ಆ್ಯಪ್ ಸಂದೇಶ ಕಳಿಸಿ ನಮ್ಮನ್ನು ಎರಡು ಪ್ರಶ್ನೆ ಕೇಳಿದ್ದಾರೆ. ಇದರಲ್ಲಿ ನಿಜ ಎಷ್ಟು? ಮತ್ತು ಹಳೆ ಜಾವಾ, ಯೆಜ್ಡಿ ಕೊಳ್ಳುವುದಾದರೆ ಯಾವ ಮಾಡೆಲ್ ಒಳ್ಳೆಯದು? ಅವರ ತಂದೆ ಒಂದು ಕಾಲದಲ್ಲಿ ಯೆಜ್ಡಿ ಓಡಿಸುತ್ತಿದ್ದರಂತೆ. ಕಂಪನಿ ಮುಚ್ಚಿದ ಮೇಲೆ ಅದನ್ನು ಗುಜರಿಗೆ ಹಾಕಿದರು. ಈಗ ಮಗ ಡೇರಿಗೆ ಹಾಲು ಹಾಕಿ ಉಳಿಸಿದ ದುಡ್ಡಿನಲ್ಲಿ ಅಂಥದ್ದೇ ಒಂದು ಗಾಡಿ ತಂದು ಮನೆ ಮುಂದೆ ನಿಲ್ಲಿಸಬೇಕು ಅಂತಿದ್ದಾರೆ. ದುಡ್ಡು ಒಂದೇ ಸಲ ಹೋಗುವಂಥದ್ದು, ಹಾಗಾಗಿ ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲೇ ಹೇಳಿಬಿಡುತ್ತೇವೆ: ಹಳೆ ಗಾಡಿ ಕೊಳ್ಳುವಾಗ ಕಾಗದ ಮೊದಲು, ಎಂಜಿನ್ ಆಮೇಲೆ, ಮಾಡೆಲ್ ಕೊನೆಗೆ. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಯಾರೂ ಬಣ್ಣ ನೋಡಿ ಎತ್ತು ಕೊಳ್ಳುವುದಿಲ್ಲ. ಹಲ್ಲು ನೋಡುತ್ತಾರೆ, ನಡೆಸಿ ನೋಡುತ್ತಾರೆ. ಗಾಡಿಗೂ ಅದೇ ಲೆಕ್ಕ.

ಈ ಗಾಡಿಗಳ ಹಿನ್ನೆಲೆ ಏನು?

ಜಾವಾ ಮೂಲತಃ ಈಗಿನ ಚೆಕ್ ದೇಶದ ಕಂಪನಿ. 1929ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ, ವಾಂಡರರ್ ಎಂಬ ಜರ್ಮನ್ ಕಂಪನಿಯ ಬೈಕಿನ ವಿನ್ಯಾಸ ಪಡೆದು ಇದನ್ನು ಶುರು ಮಾಡಿದರು. ಎರಡೂ ಹೆಸರುಗಳ ಮೊದಲಕ್ಷರ ಸೇರಿ "ಜಾವಾ" ಆಯಿತು. ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ.

ಮೈಸೂರಿನಲ್ಲಿ ಇರಾನಿ ಕುಟುಂಬದವರು ಐಡಿಯಲ್ ಜಾವಾ ಕಂಪನಿ ಕಟ್ಟಿದರು. 1961ರಿಂದ ಅಲ್ಲಿ ಜಾವಾ 250 ತಯಾರಾಗತೊಡಗಿತು. 1973ರಿಂದ ಗಾಡಿಗಳ ಮೇಲೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರ ಜಾವಾ ಮತ್ತು 2022ರ ಯೆಜ್ಡಿ ಬೇರೆ ಕಂಪನಿಯ ಹೊಸ ಫೋರ್ ಸ್ಟ್ರೋಕ್ ಗಾಡಿಗಳು. ಅವುಗಳ ಬಿಡಿಭಾಗ ಹಳೆಯದಕ್ಕೆ ಕೂರುವುದಿಲ್ಲ. ಈ ಇಸವಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತವೆ. ಯಾರಾದರೂ "1970ರ ರೋಡ್‌ಕಿಂಗ್" ಎಂದು ಮಾರಲು ಬಂದರೆ, ಆ ಮಾತು ಸುಳ್ಳು ಅಂತ ನಿಮಗೆ ಅಲ್ಲೇ ಗೊತ್ತಾಗುತ್ತದೆ.

ಫಾರ್ವರ್ಡ್ 1: "ವಿಂಟೇಜ್ ಗಾಡಿಗೆ ಆರ್‌ಸಿ, ಇನ್ಶೂರೆನ್ಸ್ ಬೇಕಿಲ್ಲ"

ಪೂರ್ತಿ ಸುಳ್ಳು.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನ ಮಾತ್ರ "ವಿಂಟೇಜ್". ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ "ವಿಎ" ಎಂಬ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ನೋಂದಣಿ 10 ವರ್ಷಕ್ಕೆ ಇರುತ್ತದೆ.

ಇಲ್ಲಿ ಎರಡು ವಿಷಯ ಗಮನಿಸಿ. ಒಂದು, ರೋಡ್‌ಕಿಂಗ್ ಬಂದದ್ದೇ 1978ರಲ್ಲಿ. ಅತಿ ಹಳೆಯ ರೋಡ್‌ಕಿಂಗ್‌ಗೂ 50 ತುಂಬುವುದು 2028ರಲ್ಲಿ. ಅಲ್ಲಿಯವರೆಗೆ ಕಾನೂನಿನ ಪ್ರಕಾರ ಯಾವ ರೋಡ್‌ಕಿಂಗೂ ವಿಂಟೇಜ್ ಅಲ್ಲ. ಎರಡು, ವಿಂಟೇಜ್ ಎಂದು ನೋಂದಣಿ ಮಾಡಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು. ಬೆಳಿಗ್ಗೆ ಡೇರಿಗೆ, ಸಂಜೆ ಸಂತೆಗೆ ಹೋಗುವ ಗಾಡಿಗೆ ವಿಂಟೇಜ್ ನೋಂದಣಿ ಮಾಡಿಸಿದರೆ ನಿಮ್ಮ ಕೈಯನ್ನು ನೀವೇ ಕಟ್ಟಿಕೊಂಡ ಹಾಗೆ. 50 ದಾಟಿದ ಜಾವಾ ಇದ್ದು, ಅದರ ಮಾಮೂಲಿ ನೋಂದಣಿ ಚಾಲ್ತಿಯಲ್ಲಿದ್ದರೆ ಅದನ್ನೇ ನವೀಕರಿಸಿಕೊಂಡು ಹೋಗುವುದು ಸುಲಭ.

ಇನ್ಶೂರೆನ್ಸ್ ವಿಷಯ: ರಸ್ತೆಗಿಳಿಯುವ ಯಾವ ಗಾಡಿಗಾದರೂ ಕನಿಷ್ಠ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಇಲ್ಲದಿದ್ದರೆ ಮೊದಲ ಸಲ 2,000, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ. ದಂಡಕ್ಕಿಂತ ದೊಡ್ಡ ಅಪಾಯ ಅಪಘಾತ. ವಿಮೆ ಇಲ್ಲದ ಗಾಡಿಯಿಂದ ಯಾರಿಗಾದರೂ ಪೆಟ್ಟಾದರೆ ಪರಿಹಾರ ಮನೆಯವರ ಜೇಬಿನಿಂದಲೇ ಹೋಗುತ್ತದೆ. ಹೊಗೆ ತಪಾಸಣೆ ಪ್ರಮಾಣಪತ್ರವೂ ಬೇಕು.

ಫಾರ್ವರ್ಡ್ 2: "15 ವರ್ಷ ದಾಟಿದ ಗಾಡಿ ಓಡಿಸುವಂತಿಲ್ಲ, ಗುಜರಿಗೇ ಹಾಕಬೇಕು"

ಕರ್ನಾಟಕದ ಖಾಸಗಿ ಗಾಡಿಗಳ ಮಟ್ಟಿಗೆ ಸುಳ್ಳು.

ಹಳೆ ಪೆಟ್ರೋಲ್, ಡೀಸೆಲ್ ಗಾಡಿಗಳ ಮೇಲೆ ವಯಸ್ಸಿನ ನಿರ್ಬಂಧ ಇರುವುದು ದೆಹಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ. ಸರ್ಕಾರಿ ಇಲಾಖೆಗಳ 15 ವರ್ಷ ಮೀರಿದ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್‌ನಿಂದ ನವೀಕರಿಸುತ್ತಿಲ್ಲ, ಅದು ನಿಜ. ಈ ಎರಡು ಸುದ್ದಿ ಕಲಸಿ ಒಂದು ಫಾರ್ವರ್ಡ್ ಆಗಿದೆ.

ಖಾಸಗಿ ಬೈಕಿನ ನೋಂದಣಿ 15 ವರ್ಷಕ್ಕೆ ಇರುತ್ತದೆ. ಆಮೇಲೆ ಗಾಡಿಯನ್ನು ಆರ್‌ಟಿಒ ಮುಂದೆ ತೋರಿಸಿ, ಫಾರಂ 25 ಕೊಟ್ಟು, ಐದೈದು ವರ್ಷಕ್ಕೆ ನವೀಕರಿಸಬಹುದು. 20 ವರ್ಷ ದಾಟಿದ ಗಾಡಿಗಳ ನವೀಕರಣ ಶುಲ್ಕ 2025ರ ಆಗಸ್ಟ್‌ನಲ್ಲಿ ಏರಿದೆ. ಬೈಕಿಗೆ 2,000 ರೂಪಾಯಿ, ಕಾರಿಗೆ 10,000 ರೂಪಾಯಿ. ಇದರ ಮೇಲೆ ರಾಜ್ಯದ ಹಸಿರು ತೆರಿಗೆ ಸೇರುತ್ತದೆ. ಗಾಡಿಯ ಬೆಲೆ ಮಾತಾಡುವಾಗ ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ನವೀಕರಣ ತಪ್ಪಿಹೋಗಿದ್ದರೆ ತಡವಾದದ್ದಕ್ಕೂ ಕಟ್ಟಬೇಕಾಗುತ್ತದೆ.

ಫಾರ್ವರ್ಡ್ 3: "ಆರ್‌ಸಿ ಕಳೆದಿದ್ದರೆ ಪರವಾಗಿಲ್ಲ, ಅಫಿಡವಿಟ್ ಸಾಕು"

ಸುಳ್ಳು. ದುಡ್ಡು ಮುಳುಗುವುದು ಹೆಚ್ಚಾಗಿ ಇಲ್ಲಿಯೇ.

ಕಳೆದ ಆರ್‌ಸಿಗೆ ನಕಲು ಪ್ರತಿ ಸಿಗುತ್ತದೆ. ಆದರೆ ಫಾರಂ 26 ಕೊಡಬೇಕಾದವರು ದಾಖಲೆಯಲ್ಲಿರುವ ಮಾಲೀಕರು, ಕೊಳ್ಳುವವರಲ್ಲ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಫಾರಂ 31 ಮೂಲಕ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮಾಮೂಲಿ ಮಾರಾಟಕ್ಕೆ ಫಾರಂ 29 ಮತ್ತು 30ಕ್ಕೆ ಸಹಿ ಬೇಕು. ನಾಲ್ಕು ಕೈ ದಾಟಿ ಬಂದ ಗಾಡಿಗೆ ಈಗ ಮಾರುವವರ ಸಹಿ ಸಾಲದು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರದ್ದೇ ಬೇಕು.

ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ. 1989ಕ್ಕೂ ಮುಂಚಿನ, "ಕೆಎ" ಇಲ್ಲದ ಹಳೆ ನಂಬರ್‌ಗಳು ಆ್ಯಪ್‌ನಲ್ಲಿ ಸಿಗದೇ ಇರಬಹುದು. ಸಿಗಲಿಲ್ಲ ಅಂದಮಾತ್ರಕ್ಕೆ ಕಳ್ಳ ಗಾಡಿ ಅಂತಲ್ಲ. ಆದರೆ ನೋಂದಣಿಯಾದ ಆರ್‌ಟಿಒ ಕಚೇರಿಗೆ ಹೋಗಿ ದಾಖಲೆ ಇದೆಯೇ ಎಂದು ಕೇಳದೆ ದುಡ್ಡು ಕೊಡಬೇಡಿ. ಗಾಡಿಯ ಮೇಲಿನ ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಆರ್‌ಸಿಗೆ ಹೋಲಿಸಿ. ನಂಬರ್ ಇರುವ ಜಾಗದಲ್ಲಿ ಉಜ್ಜಿದ ಗುರುತು, ವೆಲ್ಡಿಂಗ್, ದಪ್ಪನೆಯ ಹೊಸ ಬಣ್ಣ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ.

ಫಾರ್ವರ್ಡ್ 4: "ಡಬಲ್ ಸೈಲೆನ್ಸರ್ ಅಂದರೆ ಡಬಲ್ ಪವರ್"

ಸುಳ್ಳು. ಜಾವಾ, ಯೆಜ್ಡಿ 250, ರೋಡ್‌ಕಿಂಗ್ ಇವೆಲ್ಲಕ್ಕೂ ಇರುವುದು ಒಂದೇ ಸಿಲಿಂಡರ್. ಆ ಒಂದು ಸಿಲಿಂಡರ್‌ನಿಂದ ಹೊಗೆ ಹೊರಬರಲು ಎರಡು ದಾರಿ ಇವೆ, ಅದಕ್ಕೇ ಎರಡು ಸೈಲೆನ್ಸರ್. ಹಳೆ ಜಾವಾದ ಶಕ್ತಿ ಸುಮಾರು 12 ಬಿಎಚ್‌ಪಿ. ರೋಡ್‌ಕಿಂಗ್‌ದು ಸುಮಾರು 16.

ನಿಜವಾಗಿಯೂ ಎರಡು ಸಿಲಿಂಡರ್ ಇದ್ದದ್ದು ಯೆಜ್ಡಿ 350 ಟ್ವಿನ್‌ಗೆ. 1980ರ ದಶಕದಲ್ಲಿ ಅದು ಬಂದದ್ದೂ ಕಡಿಮೆ, ಉಳಿದದ್ದು ಇನ್ನೂ ಕಡಿಮೆ. ಗುರುತಿಸುವುದು ಸುಲಭ. ಟ್ಯಾಂಕಿನ ಕೆಳಗೆ ಬಗ್ಗಿ ನೋಡಿ, ಸ್ಪಾರ್ಕ್ ಪ್ಲಗ್ ಎಷ್ಟಿವೆ ಎಣಿಸಿ.

ಫಾರ್ವರ್ಡ್ 5: "ಆಯಿಲ್ ಜಾಸ್ತಿ ಹಾಕಿದಷ್ಟೂ ಎಂಜಿನ್ ತಂಪು"

ಸುಳ್ಳು. ಇವು ಟೂ ಸ್ಟ್ರೋಕ್ ಎಂಜಿನ್‌ಗಳು. ಪೆಟ್ರೋಲಿಗೆ ಬೆರೆಸಿದ ಆಯಿಲ್ಲೇ ಒಳಗಿನ ಬೇರಿಂಗು, ಪಿಸ್ಟನ್‌ಗಳಿಗೆ ಜಿಡ್ಡು. ಸಾಮಾನ್ಯವಾಗಿ ಹಾಕುವುದು ಲೀಟರಿಗೆ 40 ಮಿ.ಲೀ. ಆಸುಪಾಸು, ಅಂದರೆ 25 ಪಾಲು ಪೆಟ್ರೋಲಿಗೆ 1 ಪಾಲು 2ಟಿ ಆಯಿಲ್. ಅದಕ್ಕಿಂತ ಬಹಳ ಹೆಚ್ಚಾದರೆ ಪ್ಲಗ್ ಕಪ್ಪಾಗಿ ಗಾಡಿ ನಿಲ್ಲುತ್ತದೆ, ಸೈಲೆನ್ಸರ್‌ನಲ್ಲಿ ಮಸಿ ಕಟ್ಟುತ್ತದೆ. ಇನ್ನೂ ಒಂದು ತೊಂದರೆ ಇದೆ. ಆಯಿಲ್ ಪಾಲು ಹೆಚ್ಚಾದಷ್ಟೂ ಅದೇ ಜೆಟ್‌ನಿಂದ ಹೋಗುವ ಪೆಟ್ರೋಲ್ ಕಡಿಮೆಯಾಗುತ್ತದೆ, ಗಾಳಿಯ ಪಾಲು ಹೆಚ್ಚುತ್ತದೆ, ಎಂಜಿನ್ ತಂಪಾಗುವ ಬದಲು ಬಿಸಿಯೇ ಆಗಬಹುದು.

ಉಳಿತಾಯಕ್ಕೆಂದು ಸೀಮೆಎಣ್ಣೆ ಬೆರೆಸುವುದಂತೂ ಬೇಡ. ಸೀಮೆಎಣ್ಣೆ ಬೇಗ ಬಡಿತ ಹುಟ್ಟಿಸುತ್ತದೆ, ಮಸಿ ಕಟ್ಟಿಸುತ್ತದೆ, ಪಿಸ್ಟನ್ನನ್ನು ಹಾಳು ಮಾಡುತ್ತದೆ.

ಈ ಭಾಗದವರಿಗೆ ಒಂದು ಕಿವಿಮಾತು. ನಂದಿ ಬೆಟ್ಟದಿಂದ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಗೇರ್‌ನಲ್ಲೇ ಬಹಳ ದೂರ ಬರಬೇಡಿ. ಪೆಟ್ರೋಲ್ ಹೋಗದಿದ್ದರೆ ಆಯಿಲ್ಲೂ ಹೋಗುವುದಿಲ್ಲ, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ಆಗಾಗ ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಾ ಇಳಿಯಿರಿ. ಎಂಜಿನ್ ಆಫ್ ಮಾಡಿ ಇಳಿಯುವುದು ಇನ್ನೂ ಅಪಾಯ.

ಫಾರ್ವರ್ಡ್ 6: "ಇ20 ಪೆಟ್ರೋಲ್ ಹಾಕಿದರೆ ಹಳೆ ಗಾಡಿ ಸತ್ತೇ ಹೋಗುತ್ತದೆ"

ಅರ್ಧ ನಿಜ. ಒಂದು ಟ್ಯಾಂಕ್ ಹಾಕಿದ ಕೂಡಲೇ ಎಂಜಿನ್ ಸಾಯುವುದಿಲ್ಲ. ಆದರೆ "ಏನೂ ಆಗುವುದಿಲ್ಲ" ಎನ್ನುವುದೂ ಸರಿಯಲ್ಲ. 1961ರಲ್ಲೋ 1978ರಲ್ಲೋ ವಿನ್ಯಾಸ ಮಾಡಿದವರಿಗೆ ಎಥನಾಲ್ ಲೆಕ್ಕದಲ್ಲಿ ಇರಲಿಲ್ಲ. ಹಳೆ ರಬ್ಬರ್ ಪೈಪು, ವಾಷರ್‌ಗಳು ಎಥನಾಲ್‌ಗೆ ಉಬ್ಬಿ ಬಿರುಕು ಬಿಡಬಹುದು. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇರುತ್ತದೆ, ಹಾಗಾಗಿ ಮೈಲೇಜ್ ತುಸು ಇಳಿಯುತ್ತದೆ. ಹೊಸ ಗಾಡಿಯ ಕಂಪ್ಯೂಟರ್ ಇದನ್ನು ತಾನೇ ಸರಿದೂಗಿಸುತ್ತದೆ. ಕಾರ್ಬುರೇಟರ್‌ಗೆ ಆ ಬುದ್ಧಿ ಇಲ್ಲ, ಮೆಕ್ಯಾನಿಕ್ ಕೈಯಲ್ಲಿ ಹೊಂದಿಸಬೇಕು.

ಅತಿ ಮುಖ್ಯವಾದದ್ದು ನೀರು. ಎಥನಾಲ್ ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಹೆಚ್ಚಾದರೆ ನೀರು ಮತ್ತು ಎಥನಾಲ್ ಬೇರೆಯಾಗಿ ತಳಕ್ಕೆ ಕೂರುತ್ತವೆ. ಆ ತಳದ ಪದರದಲ್ಲಿ 2ಟಿ ಆಯಿಲ್ ಇರುವುದಿಲ್ಲ. ಎಂಜಿನ್‌ಗೆ ಮೊದಲು ಹೋಗುವುದು ಅದೇ. ಆದ್ದರಿಂದ ಪೈಪುಗಳನ್ನು ಹೊಸದಾಗಿ ಹಾಕಿಸಿ, ಗಾಡಿಯನ್ನು ವಾರಕ್ಕೊಮ್ಮೆಯಾದರೂ ಓಡಿಸಿ. ಬಹಳ ದಿನ ನಿಲ್ಲಿಸುವುದಿದ್ದರೆ ಟ್ಯಾಂಕ್ ಖಾಲಿ ಮಾಡಿ.

ಹಾಗಾದರೆ ಯಾವ ಮಾಡೆಲ್?

ಎಲ್ಲರಿಗೂ ಒಪ್ಪುವ ಒಂದೇ ಉತ್ತರ ಇಲ್ಲ. ಗಾಡಿಯಿಂದ ನಿಮಗೇನು ಬೇಕು ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಜಾವಾ 250: ನೋಡಲು ಚೆಂದ, ಕ್ರೋಮ್ ಹಾಕಿದ ಟ್ಯಾಂಕು, ನಿಧಾನದ ನಡಿಗೆ. ಹಬ್ಬ, ಮದುವೆ, ಭಾನುವಾರದ ಓಡಾಟಕ್ಕೆ ಒಪ್ಪುತ್ತದೆ. ಮೂಲ ಭಾಗಗಳು ದುಬಾರಿ, ಪೂರ್ತಿ ಮೂಲ ರೂಪದಲ್ಲಿರುವುದು ಅಪರೂಪ. ಸಂಗ್ರಹಕ್ಕೆ, ವಿಂಟೇಜ್ ನೋಂದಣಿಗೆ ಇದೇ ಸರಿ.

ಯೆಜ್ಡಿ 250 ಕ್ಲಾಸಿಕ್, ಡಿಲಕ್ಸ್: ಜಾವಾದ ಗುಣ, ಸ್ವಲ್ಪ ಕಡಿಮೆ ಬೆಲೆ. ಊರೊಳಗಿನ ಓಡಾಟಕ್ಕೆ, ಮೊದಲ ಸಲ ಹಳೆ ಗಾಡಿ ಕೊಳ್ಳುವವರಿಗೆ ನಾವು ಹೇಳುವುದು ಇದನ್ನೇ. "ಆಯಿಲ್ ಕಿಂಗ್" ಎಂಬ ಗಾಡಿ ಸಿಕ್ಕರೆ ಅದರ ಆಯಿಲ್ ಪಂಪ್ ಕೆಲಸ ಮಾಡುತ್ತಿದೆಯೇ, ಇಲ್ಲವೇ ತೆಗೆದುಹಾಕಿದ್ದಾರೆಯೇ ಎಂದು ಕೇಳಿ. ಪಂಪ್ ತೆಗೆದಿದ್ದರೆ ಆಯಿಲ್ಲನ್ನು ಪೆಟ್ರೋಲಿಗೇ ಬೆರೆಸಬೇಕು. ಗೊತ್ತಿಲ್ಲದೆ ಬರೀ ಪೆಟ್ರೋಲ್ ಹಾಕಿದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ರೋಡ್‌ಕಿಂಗ್: ಇವುಗಳಲ್ಲಿ ಓಟಗಾರ. ರ‍್ಯಾಲಿ, ರೇಸುಗಳಲ್ಲಿ ಹೆಸರು ಮಾಡಿದ್ದು ಇದೇ. ದೂರ ಹೋಗುವವರಿಗೆ ಒಳ್ಳೆಯದು. ಆದರೆ ಬೇಡಿಕೆ ಹೆಚ್ಚು ಇರುವುದರಿಂದ ಮೋಸವೂ ಹೆಚ್ಚು. ಬೇರೆ ಯೆಜ್ಡಿಗೆ ರೋಡ್‌ಕಿಂಗ್ ಟ್ಯಾಂಕು, ಸೀಟು, ಸ್ಟಿಕ್ಕರ್ ಹಾಕಿ ಮಾರುವುದುಂಟು. ಆರ್‌ಸಿಯಲ್ಲಿ ಮಾಡೆಲ್ ಏನೆಂದು ಬರೆದಿದೆ ನೋಡಿ. ಈ ಗಾಡಿಗಳನ್ನು ಬಲ್ಲ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು ಹೋಗಿ.

350 ಟ್ವಿನ್: ಮೊದಲ ಗಾಡಿಯಾಗಿ ಬೇಡ. ಭಾಗಗಳನ್ನು ಹುಡುಕುವುದರಲ್ಲೇ ವರ್ಷ ಕಳೆಯುತ್ತದೆ.

ಒಂದು ಮಾತು ಎಲ್ಲಕ್ಕೂ ಅನ್ವಯ: ಇವೆಲ್ಲವೂ ಹಳೆಕಾಲದ ಡ್ರಮ್ ಬ್ರೇಕ್ ಗಾಡಿಗಳು. ದಾಬಸ್‌ಪೇಟೆ–ದೊಡ್ಡಬಳ್ಳಾಪುರ–ಹೊಸಕೋಟೆ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಹೊಸ ಬೈಕಿನ ವೇಗದಲ್ಲಿ ಇವನ್ನು ಓಡಿಸಿದರೆ ಬೇಕಾದ ಜಾಗಕ್ಕೆ ನಿಲ್ಲುವುದಿಲ್ಲ.

ಕಾರು ನೋಡುತ್ತಿದ್ದರೆ? ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ಮಾಡಿದ ಡಾಲ್ಫಿನ್ ಎಂಬ ಪುಟ್ಟ ಕಾರು ರ‍್ಯಾಲಿಪ್ರಿಯರಿಗೆ ಗೊತ್ತು. ಅದರ ಬಾಡಿ ಫೈಬರ್, ಹಾಗಾಗಿ ತುಕ್ಕಿನ ಭಯವಿಲ್ಲ ಎನ್ನುತ್ತಾರೆ. ಬಾಡಿಗೆ ಇಲ್ಲ, ನಿಜ. ಕೆಳಗಿನ ಚಾಸಿ ಕಬ್ಬಿಣದ್ದೇ. ಕಾರನ್ನು ಎತ್ತಿಸಿ ಕೆಳಗಿನಿಂದ ನೋಡಿ.

ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು?

1. ಎಂಜಿನ್ ತಣ್ಣಗಿರಬೇಕು. ನೀವು ಹೋಗುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ತಿಳಿಯಿರಿ.

2. ಕಿಕ್ ಹೊಡೆದು ನೋಡಿ. ಈ ಗಾಡಿಗಳಲ್ಲಿ ಗೇರ್ ಲಿವರೇ ಕಿಕ್ಕರ್ ಕೂಡ. ಒಳಗೆ ಒತ್ತಿ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಜಾರುತ್ತಿದ್ದರೆ ಒಳಗಿನ ಹಲ್ಲು ಸವೆದಿದೆ.

3. ಹೊಗೆ. ತಣ್ಣಗಿನ ಟೂ ಸ್ಟ್ರೋಕ್ ಸ್ವಲ್ಪ ಹೊಗೆ ಬಿಡುವುದು ಸಹಜ. ಬಿಸಿಯಾದ ಮೇಲೂ ದಟ್ಟ ಹೊಗೆ ಬಂದು, ಗೇರ್ ಬಾಕ್ಸ್ ಆಯಿಲ್ ಕಡಿಮೆಯಾಗುತ್ತಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿದೆ. ಅದಕ್ಕೆ ಎಂಜಿನ್ ಬಿಚ್ಚಬೇಕು.

4. ಶಬ್ದ. ಎಂಜಿನ್‌ನ ಕೆಳಭಾಗದಿಂದ ಟಕಟಕ ಎಂದು ಬಡಿಯುತ್ತಿದ್ದರೆ ಕ್ರ್ಯಾಂಕ್ ಕೆಲಸ ಇದೆ. ಇದು ದೊಡ್ಡ ಖರ್ಚು.

5. ಬೋರ್ ಎಷ್ಟು ಸಲ ಆಗಿದೆ ಕೇಳಿ. ಪ್ರತಿ ಸಲ ಸಿಲಿಂಡರ್ ಕೊರೆದು ದೊಡ್ಡ ಪಿಸ್ಟನ್ ಹಾಕುತ್ತಾರೆ. ಕೊನೆಯ ಅಳತೆ ಮುಟ್ಟಿದ್ದರೆ ಮುಂದೆ ಕೊರೆಯಲು ಜಾಗವಿಲ್ಲ.

6. ಫೋನಿನ ಟಾರ್ಚ್ ಹಾಕಿ ಟ್ಯಾಂಕಿನ ಒಳಗೆ ತುಕ್ಕು ನೋಡಿ.

7. ಬ್ಯಾಟರಿ 6 ವೋಲ್ಟೋ 12 ವೋಲ್ಟೋ ಕೇಳಿ. 6 ವೋಲ್ಟಿನ ಗಾಡಿಯ ಹೆಡ್‌ಲೈಟ್ ಮಂದ, ರಾತ್ರಿ ಓಡಾಟಕ್ಕೆ ಕಷ್ಟ.

"ಬಿಡಿಭಾಗ ಸಿಗುವುದೇ ಇಲ್ಲ" ಎನ್ನುವುದೂ ಪೂರ್ತಿ ನಿಜವಲ್ಲ. ಪಿಸ್ಟನ್, ಸೀಲ್, ಕೇಬಲ್, ಕ್ಲಚ್ ಪ್ಲೇಟಿನಂಥವು ಹೊಸದಾಗಿ ತಯಾರಾಗಿ ಬರುತ್ತಿವೆ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರಗಳಲ್ಲಿ ಹುಡುಕಬಹುದು. ಗುಣಮಟ್ಟ ಒಂದೇ ಸಮ ಇರುವುದಿಲ್ಲ ಅಷ್ಟೇ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಈ ಗಾಡಿಗಳ ಪ್ರೇಮಿಗಳು ಜಾವಾ–ಯೆಜ್ಡಿ ದಿನ ಆಚರಿಸುತ್ತಾರೆ. ಕೊಳ್ಳುವ ಮೊದಲು ಒಮ್ಮೆ ಹೋಗಿ ಬನ್ನಿ. ಅಸಲಿ ಗಾಡಿ ಹೇಗಿರುತ್ತದೆ ಎಂದು ಕಣ್ಣಿಗೆ ಅಭ್ಯಾಸವಾಗುತ್ತದೆ, ನಂಬಬಹುದಾದ ಮೆಕ್ಯಾನಿಕ್ ಯಾರು ಎಂದೂ ತಿಳಿಯುತ್ತದೆ.

ಕೊನೆಯದಾಗಿ, ಆ "ಸೈನಿಕರ ಗಾಡಿ"

ಇದು ಹಳೆಯ ವಂಚನೆ. ಸೇನೆಯಲ್ಲಿದ್ದೇನೆ, ವರ್ಗವಾಗಿದೆ, ಗಾಡಿ ಏರ್‌ಪೋರ್ಟಿನಲ್ಲಿದೆ, ಸಾಗಣೆ ಖರ್ಚು ಮಾತ್ರ ಮೊದಲು ಹಾಕಿ ಎನ್ನುತ್ತಾರೆ. ಸಮವಸ್ತ್ರದ ಫೋಟೊ, ಗುರುತಿನ ಚೀಟಿ ಕಳಿಸುತ್ತಾರೆ. ದೇವನಹಳ್ಳಿ ಏರ್‌ಪೋರ್ಟ್ ನಮಗೆ ಹತ್ತಿರವೇ ಇರುವುದರಿಂದ ನಂಬುವುದೂ ಸುಲಭ. ಕಟ್ಟಿದ ಮೇಲೆ ಇನ್ನೊಂದು ಶುಲ್ಕ, ಮತ್ತೊಂದು ಶುಲ್ಕ. "ವಾಪಸ್ ಕೊಡುತ್ತೇವೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ" ಎಂದಾಗ ಉಳಿದದ್ದೂ ಹೋಗುತ್ತದೆ. ನೆನಪಿಡಿ: ದುಡ್ಡು ಪಡೆಯಲು ಸ್ಕ್ಯಾನ್ ಮಾಡುವುದೂ ಬೇಕಿಲ್ಲ, ಪಿನ್ ಹಾಕುವುದೂ ಬೇಕಿಲ್ಲ. ಮೋಸ ಹೋಗಿದ್ದರೆ ನಾಚಿಕೊಂಡು ಕೂರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಸಾಸಲಿನ ಓದುಗರಿಗೆ ನಮ್ಮ ಉತ್ತರ ಇಷ್ಟು: ಆ ಫಾರ್ವರ್ಡ್‌ಗೆ ಒಂದು ರೂಪಾಯಿ ಕೂಡ ಹಾಕಬೇಡಿ. ನಿಮ್ಮ ಓಡಾಟಕ್ಕೆ, ನಿಮ್ಮ ತಂದೆಯವರ ನೆನಪಿಗೆ, ಕಾಗದ ಸರಿಯಿರುವ ಯೆಜ್ಡಿ 250 ಸಾಕು. ಬಣ್ಣ ಹೋಗಿದ್ದರೂ ಚಿಂತೆಯಿಲ್ಲ, ಮತ್ತೆ ಹೊಡೆಸಬಹುದು. ಹೆಸರು ಬದಲಾಗದ ಆರ್‌ಸಿ, ಉಜ್ಜಿದ ಚಾಸಿ ನಂಬರ್ ಇವನ್ನು ಯಾವ ಮೆಕ್ಯಾನಿಕ್ಕೂ ಸರಿ ಮಾಡಲಾರ. ಸಾಧ್ಯವಾದರೆ ತಂದೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ವರ್ಷಗಟ್ಟಲೆ ಓಡಿಸಿದವರು ಕಿಕ್ ಹೊಡೆದ ಮೊದಲ ಶಬ್ದದಲ್ಲೇ ಅರ್ಧ ಹೇಳಿಬಿಡುತ್ತಾರೆ.

ನಿಮ್ಮ ಗುಂಪಿನಲ್ಲೂ ಇಂಥ ಫಾರ್ವರ್ಡ್ ಬಂದಿದ್ದರೆ ಅದನ್ನು ಮುಂದೆ ಕಳಿಸುವ ಬದಲು ಇದನ್ನು ಕಳಿಸಿ.